ಅಲಂಕಾರದ ಅರ್ಥವೂ ಅಲ್ಪವೆಚ್ಚದ ಉಡಿಗೆಯೂ

(ಶ್ರೀಮಠದ ಮಹೋತ್ಸವದ ನಿಮಿತ್ತ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)





ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ಸೀಮೆಗಳ ಭಕ್ತಸಮೂಹವು ಒಂದೆಡೆ ಕೂಡುವ ಮಹೋತ್ಸವದ ದಿನ ಸಮೀಪಿಸಿತೆಂದರೆ ಪ್ರತಿಯೊಂದು ಮನೆಯಲ್ಲಿಯೂ ಎರಡು ಪ್ರಶ್ನೆಗಳು ಏಳುವವು. ಹೊರಡುವದು ಯಾವ ಹೊತ್ತಿಗೆ ಎಂಬದು ಮೊದಲನೆಯದು. ಉಡುವದು ಏನನ್ನು ಎಂಬದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಉತ್ತರವು ಕ್ಷಣದಲ್ಲಿ ದೊರೆಯುವದು. ಎರಡನೆಯದು ಮಾತ್ರ ಕೆಲವು ಮನೆಗಳಲ್ಲಿ ಸಾಹುಕಾರನ ಬಾಗಿಲವರೆಗೂ ನಡೆಯುವದು. ಇನ್ನು ಕೆಲವು ಮನೆಗಳಲ್ಲಿ “ಈ ಸಲ ನೀವೇ ಹೋಗಿ ಬನ್ನಿರಿ, ಮನೆ ಕಾಯಲಿಕ್ಕೆ ಯಾರಾದರೂ ಬೇಕಲ್ಲ” ಎಂಬ ಮಾತಿನಲ್ಲಿ ಮುಗಿದುಹೋಗುವದು. ಮನೆ ಕಾಯಬೇಕೆಂಬದು ನೆವ. ನಾಲ್ಕು ಜನರ ನಡುವೆ ಉಡಲು ತಕ್ಕ ಸೀರೆಯಿಲ್ಲವೆಂಬದು ನಿಜ. ಸಾಲ ಮಾಡಿ ಬಂದವರು ಜಾತ್ರೆ ಮುಗಿದ ಮೇಲೆ ವರುಷವಿಡೀ ಬಡ್ಡಿ ಕಟ್ಟುವರು. ಬಾರದೆ ಉಳಿದವರು ಗುರುದರ್ಶನದಿಂದಲೂ ಪ್ರಸಾದದಿಂದಲೂ ವಂಚಿತರಾಗುವರು. ಇಬ್ಬರಿಗೂ ಹಾನಿಯೇ. ಈ ಎರಡು ಹಾನಿಗಳನ್ನೂ ತಪ್ಪಿಸುವ ದಾರಿಯುಂಟೋ ಇಲ್ಲವೋ ಎಂಬದೇ ಈ ಉಪನ್ಯಾಸದ ವಿಷಯ.

ಇಲ್ಲಿ ಮೊದಲನೆಯ ಪೂರ್ವಪಕ್ಷವು ಏಳುವದು: ಶಿವಾನುಭವದ ಮಾತು ನಡೆಯಬೇಕಾದ ಸಭೆಯಲ್ಲಿ ಸೀರೆ, ಧೋತರ, ಸೂಜಿ, ದಾರಗಳ ಮಾತು ಸಲ್ಲುವದೆ? ಇದಕ್ಕೆ ಸಮಾಧಾನವು ಈ ಸೀಮೆಯಲ್ಲಿಯೇ ಇರುವದು. ಸಂತೆಕೆಲ್ಲೂರಿನ ಘನಮಠದ ನಾಗಭೂಷಣ ಶಿವಯೋಗಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಆಗಿಹೋದ ಮಹನೀಯರು. ಅವರು ‘ಕೃಷಿಜ್ಞಾನ ಪ್ರದೀಪಿಕೆ’ಯೆಂಬ ಗ್ರಂಥವನ್ನು ಒಕ್ಕಲುತನದ ವಿಷಯವಾಗಿಯೇ ಬರೆದರು. ಶಿವಯೋಗಿಗಳಿಗೆ ಹೊಲದ ಮಾತು ಹೊರಗಿನದಾಗಲಿಲ್ಲ. ಒಕ್ಕಲಿಗನು ಅನ್ನಕ್ಕಾಗಿ ಪಡುವ ಕಷ್ಟವು ಮಠಕ್ಕೆ ಸಂಬಂಧಪಟ್ಟುದಾದರೆ, ಅವನ ಮನೆಯಾಕೆ ಅರಿವೆಗಾಗಿ ಪಡುವ ಸಂಕಟವೂ ಸಂಬಂಧಪಟ್ಟುದೇ ಸರಿ.

ಎರಡನೆಯ ಪೂರ್ವಪಕ್ಷವು ಇನ್ನೂ ಬಲವುಳ್ಳದ್ದು. ಶರಣರು ಹೊರಗಿನ ವೇಷವನ್ನು ಹಳಿದವರು. ಒಳಗು ಶುದ್ಧವಿಲ್ಲದವನ ಮಡಿಯನ್ನು ನಕ್ಕವರು. ಆದಕಾರಣ ಉಡಿಗೆಯ ಅಂದವನ್ನು ಚಿಂತಿಸುವದೇ ಶರಣಧರ್ಮಕ್ಕೆ ವಿರುದ್ಧವಲ್ಲವೆ? ವಿಚಾರಿಸಿ ನೋಡಿದರೆ ಶರಣರು ಹಳಿದದ್ದು ಡಂಭವನ್ನು, ಅಚ್ಚುಕಟ್ಟನ್ನಲ್ಲ. ಕಲ್ಯಾಣದ ಶರಣಮಂಡಲವನ್ನು ಒಮ್ಮೆ ಕಣ್ಣೆದುರಿಗೆ ತಂದುಕೊಳ್ಳಿರಿ. ಕದಿರ ರೆಮ್ಮವ್ವೆಯದು ನೂಲುವ ಕಾಯಕ. ಸುರಪುರದ ಸೀಮೆಯ ಮುದನೂರಿನ ದಾಸಿಮಯ್ಯನದು ನೇಯುವ ಕಾಯಕ. ಅವನು ಬಸವಣ್ಣನವರಿಗಿಂತ ಹಿಂದಿನವನಾದರೂ ಶರಣರೆಲ್ಲರಿಗೂ ಪೂಜ್ಯನಾದವನು. ಸೂಜಿಕಾಯಕದ ರಾಮಿತಂದೆಯದು ಹೊಲಿಯುವ ಕಾಯಕ. ಮಡಿವಾಳ ಮಾಚಿದೇವನದು ಒಗೆಯುವ ಕಾಯಕ. ನೂಲುವದು, ನೇಯುವದು, ಹೊಲಿಯುವದು, ಒಗೆಯುವದು ಈ ನಾಲ್ಕೇ ಅರಿವೆಯ ಸಂಪೂರ್ಣ ಚರಿತ್ರೆ. ಈ ನಾಲ್ಕೂ ಶಿವಪೂಜೆಗೆ ಸಮವೆಂದು ಶರಣರು ಎಣಿಸಿದರು. ಉಡಿಗೆಯು ತುಚ್ಛವಾಗಿದ್ದರೆ ಅದನ್ನು ಸಿದ್ಧಗೊಳಿಸುವವರ ಕೈಗಳಿಗೆ ಅವರು ಅಷ್ಟು ದೊಡ್ಡ ಸ್ಥಾನವನ್ನು ಕೊಡುತ್ತಿರಲಿಲ್ಲ. ಮೇಲಾಗಿ ಲಿಂಗವು ನೆಲಸಿರುವ ಅಂಗಕ್ಕೆ ಸುತ್ತುವ ವಸ್ತ್ರವು ಹೊಲಸಾಗಿರುವದು ಸದಾಚಾರಕ್ಕೆ ಒಪ್ಪುವ ಮಾತಲ್ಲ. ಅದು ನಿರ್ಮಲವಾಗಿರಬೇಕು, ಬೆಲೆಯುಳ್ಳದ್ದಾಗಿರಬೇಕೆಂಬ ನಿಯಮವಿಲ್ಲ.

ಈಗ ‘ಅಲಂಕಾರ’ವೆಂಬ ಶಬ್ದವನ್ನೇ ಬಿಡಿಸಿ ನೋಡುವದು ಯುಕ್ತ. ಇದು ‘ಅಲಂ’ ಮತ್ತು ‘ಕಾರ’ ಎಂಬ ಎರಡು ಮಾತುಗಳ ಕೂಡಿಕೆ. ಸಂಸ್ಕೃತದಲ್ಲಿ ‘ಅಲಂ’ ಎಂದರೆ ಸಾಕು, ತಕ್ಕಷ್ಟು, ಪರ್ಯಾಪ್ತ ಎಂದು ಅರ್ಥ. ಪಾಠಶಾಲೆಯ ಮಕ್ಕಳೂ ಬಲ್ಲ ಅವ್ಯಯವಿದು. ಆದುದರಿಂದ ಅಲಂಕಾರವೆಂದರೆ ಸಾಕಾಗುವಂತೆ ಮಾಡುವದು, ಕೊರತೆಯನ್ನು ತುಂಬಿ ಅಲ್ಲಿಗೇ ನಿಲ್ಲುವದು. ಕೊರತೆ ತುಂಬಿದ ಮೇಲೆಯೂ ಹೇರುತ್ತ ಹೋದರೆ ಅದು ಅಲಂಕಾರವೆನಿಸಲಾರದು, ಹೊರೆಯೆನಿಸುವದು. ಎಲ್ಲಿ ನಿಲ್ಲಬೇಕೆಂಬದನ್ನು ಬಲ್ಲವನೇ ಅಲಂಕಾರವನ್ನು ಬಲ್ಲವನು. ಈ ಅರಿವಿಗೆ ಹಣವು ಬೇಕಾಗಿಲ್ಲ. ಹಣವುಳ್ಳವರಲ್ಲಿ ಇದು ಇರುವದೆಂಬ ಭರವಸೆಯೂ ಇಲ್ಲ.

ಸಾಕೆಂಬ ಈ ಅರಿವಿನ ಮಹಾನಿದರ್ಶನವು ಲಿಂಗಸುಗೂರು ತಾಲೂಕಿನಲ್ಲಿಯೇ ಹುಟ್ಟಿರುವದು. ಆಯ್ದಕ್ಕಿ ಮಾರಯ್ಯನೂ ಅವನ ಧರ್ಮಪತ್ನಿಯಾದ ಲಕ್ಕಮ್ಮನೂ ಈ ತಾಲೂಕಿನ ಅಮರೇಶ್ವರದವರು. ಅವರಿಬ್ಬರ ವಚನಗಳ ಅಂಕಿತದಲ್ಲಿಯೂ ಅಮರೇಶ್ವರಲಿಂಗನ ಹೆಸರೇ ಇರುವದು. ಕಲ್ಯಾಣಕ್ಕೆ ಹೋಗಿ ನೆಲಸಿದ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ದೊರೆಯಿತು. ಅವನು ಅದನ್ನೆಲ್ಲ ತಂದನು. ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ. ದಿನದ ದಾಸೋಹಕ್ಕೆ ಬೇಕಾದಷ್ಟನ್ನು ಮಾತ್ರ ಉಳಿಸಿ, ಮಿಕ್ಕುದನ್ನು ಎಲ್ಲಿಂದ ತಂದನೋ ಅಲ್ಲಿಗೇ ಸುರಿದು ಬರುವಂತೆ ಗಂಡನನ್ನು ಕಳುಹಿದಳೆಂದು ಕಥೆಯು ಹೇಳುವದು. ಆ ದಂಪತಿಗಳ ಮನೆಯಲ್ಲಿ ಪಟ್ಟೆ ಪೀತಾಂಬರಗಳು ಇದ್ದವೆಂದು ಯಾರೂ ಹೇಳಿಲ್ಲ. ಆದರೆ ಎಂಟು ನೂರು ವರುಷಗಳ ಬಳಿಕವೂ ಲಕ್ಕಮ್ಮನನ್ನು ನೆನೆದಾಗ ಕಣ್ಣಿಗೆ ಕಟ್ಟುವ ಮೂರ್ತಿಯು ಬಡತನದ್ದಲ್ಲ, ಗಾಂಭೀರ್ಯದ್ದು. ಅದೇ ತಾಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯಿರುವದು; ೧೯೪೭ರಲ್ಲಿ ಸ್ಥಾಪನೆಯಾದ ಅಲ್ಲಿಯ ಕಂಪನಿಯು ಇಂದಿಗೂ ನೆಲದ ಒಡಲಿಂದ ಬಂಗಾರವನ್ನು ತೆಗೆಯುತ್ತಲಿದೆ. ಒಂದೇ ತಾಲೂಕಿನಲ್ಲಿ ಬಂಗಾರದ ಗಣಿ ಒಂದು, ಸಾಕೆಂಬ ಅರಿವಿನ ಗಣಿ ಒಂದು. ಮೊದಲನೆಯದರಿಂದ ಮೈಮೇಲೆ ಹೇರಿಕೊಳ್ಳಲು ಎಲ್ಲರಿಗೂ ಸಾಧ್ಯವಾಗದು. ಎರಡನೆಯದರಿಂದ ಎಲ್ಲರಿಗೂ ಸಾಧ್ಯ.

ಮಸ್ಕಿಯ ಬಂಡೆಯೂ ಇದೇ ಮಾತಿಗೆ ಬೇರೊಂದು ಕಾಲದಿಂದ ಸಾಕ್ಷಿ ನುಡಿಯುವದು. ೧೯೧೫ರಲ್ಲಿ ಬಂಗಾರದ ಗಣಿಗಾರಿಕೆಯ ಇಂಜಿನಿಯರನಾದ ಸಿ. ಬೀಡನ್ ಎಂಬವನು ಅಲ್ಲಿ ಅಶೋಕ ಚಕ್ರವರ್ತಿಯ ಶಾಸನವನ್ನು ಕಂಡನು. ಅದರಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಇದ್ದುದರಿಂದ, ಅನ್ಯಶಾಸನಗಳ ದೇವಾನಾಂಪ್ರಿಯನು ಯಾರೆಂಬ ಪಂಡಿತರ ಸಂದೇಹವು ಪರಿಹಾರವಾಯಿತು. ಇದು ಸರ್ವವಿದಿತ. ಆದರೆ ಆ ಶಾಸನದ ತಾತ್ಪರ್ಯವನ್ನು ನೆನೆವವರು ಕಡಿಮೆ. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಉನ್ನತಿಯನ್ನು ಪಡೆಯಬಲ್ಲನು, ದೊಡ್ಡವರಿಗೆ ಮಾತ್ರ ಅದು ಮೀಸಲೆಂದು ಎಣಿಸಬಾರದು ಎಂಬದೇ ಅದರ ಸಾರ. ಸಾಮ್ರಾಜ್ಯದ ಒಡೆಯನೇ ಈ ಸೀಮೆಯ ಬಂಡೆಗೆ ಬಂದು ಸಣ್ಣವನಿಗೆ ಧೈರ್ಯ ಹೇಳಿದಂತಾಯಿತು. ಅದೇ ಮಸ್ಕಿಯಲ್ಲಿ ೧೯೫೪ರಲ್ಲಿ ಬಿ. ಕೆ. ಥಾಪರರು ಉತ್ಖನನ ಮಾಡಿದಾಗ ಬಹು ಪುರಾತನ ಕಾಲದ ಜನರು ಧರಿಸುತ್ತಿದ್ದ ಮಣಿಗಳು ದೊರೆತವು. ಕಲ್ಲನ್ನೂ ಶಂಖವನ್ನೂ ಉಜ್ಜಿ, ನಯ ಮಾಡಿ, ತೂತು ಕೊರೆದು ಕೊರಳಿಗೆ ಹಾಕಿಕೊಂಡವರು ಆ ಜನರು. ಅಂದವಾಗಿ ಕಾಣಬೇಕೆಂಬ ಇಚ್ಛೆಯು ಮನುಷ್ಯನಿಗೆ ಸಹಜವೆಂಬದಕ್ಕೂ, ಕೈಯ ಶ್ರಮದಿಂದ ಸಾಮಾನ್ಯ ಕಲ್ಲೂ ಆಭರಣವಾಗುವದೆಂಬದಕ್ಕೂ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಡ.

ತತ್ತ್ವವು ಇಷ್ಟಾಯಿತು. ಇನ್ನು ವ್ಯವಹಾರಕ್ಕೆ ಬರೋಣವಾಗಲಿ. ಏಕೆಂದರೆ ‘ಸಾಕು’ ಎಂದು ಬೋಧಿಸಿ, ಇದ್ದುದನ್ನು ಸಾಕಾಗಿಸುವ ಬಗೆಯನ್ನು ಹೇಳದೆ ಹೋದರೆ ಬೋಧೆಯು ಅರ್ಧವಾಗುವದು.

ಮೊದಲನೆಯದು ಕೊಳ್ಳುವ ಲೆಕ್ಕ. ಅರಿವೆಯ ಬೆಲೆಯನ್ನು ಅಂಗಡಿಯ ಚೀಟಿಯಲ್ಲಿ ನೋಡದೆ, ಅದನ್ನು ಉಡುವ ದಿನಗಳಿಂದ ಭಾಗಿಸಿ ನೋಡತಕ್ಕದ್ದು. ೩,೦೦೦ ರೂಪಾಯಿಯ ಸೀರೆಯನ್ನು ೫ ಸಲ ಉಟ್ಟು ಪೆಟ್ಟಿಗೆಯಲ್ಲಿ ಇಟ್ಟರೆ ಒಂದು ಸಲದ ಉಡಿಗೆಗೆ ೬೦೦ ರೂಪಾಯಿ ಬಿದ್ದಂತಾಯಿತು. ೧,೨೦೦ ರೂಪಾಯಿಯ ನೂಲಿನ ಸೀರೆಯನ್ನು ೧೫೦ ಸಲ ಉಟ್ಟರೆ ಸಲಕ್ಕೆ ೮ ರೂಪಾಯಿ ಮಾತ್ರ. ಇನ್ನು ೧೦,೦೦೦ ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ೩ರ ಬಡ್ಡಿಯಂತೆ ತಂದು ಉಡಿಗೆಗೆ ಸುರಿದವನು ವರುಷಕ್ಕೆ ಬಡ್ಡಿಯನ್ನೇ ೩,೬೦೦ ರೂಪಾಯಿ ಕಟ್ಟುವನು; ಅಸಲು ಹಾಗೆಯೇ ನಿಂತಿರುವದು. ಆ ಬಡ್ಡಿಯ ಹಣದಲ್ಲಿಯೇ ಮನೆಯಾಕೆಗೆ ಮೂರು ಒಳ್ಳೆಯ ನೂಲಿನ ಸೀರೆಗಳು ಬರುತ್ತಿದ್ದವು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಹಳೆಯದು; ಹಾಸಿಗೆಯ ಉದ್ದವನ್ನು ಅಳೆದುಕೊಳ್ಳುವ ಗಜಕಡ್ಡಿಯು ಈ ಲೆಕ್ಕವೇ.

ಎರಡನೆಯದು ಅರಿವೆಯ ಪರೀಕ್ಷೆ. ರಾಯಚೂರು ಜಿಲ್ಲೆಯ ಬೇಸಗೆಯು ೪೦ ಡಿಗ್ರಿಯನ್ನು ಮೀರುವಂಥದು. ಈ ಬಿಸಿಲಿನಲ್ಲಿ ಹತ್ತಿಯ ನೂಲು ಬೆವರನ್ನು ಹೀರಿ ಮೈಯನ್ನು ತಂಪಾಗಿಡುವದು. ಕೃತ್ರಿಮ ನೂಲು ಬೆವರನ್ನು ಹೀರದೆ ಮೈಗೆ ಅಂಟಿಕೊಳ್ಳುವದು. ಮೈಗೆ ಅಂಟಿದ ಬಟ್ಟೆಯು ಎಷ್ಟು ಮಿರುಗಿದರೂ ಉಟ್ಟವರ ಮುಖದಲ್ಲಿ ಸಮಾಧಾನವಿರದು. ಸಮಾಧಾನವಿಲ್ಲದ ಮುಖಕ್ಕೆ ಕಳೆಯಿರದು. ಕೊಳ್ಳುವಾಗ ಬಟ್ಟೆಯನ್ನು ಬೆಳಕಿಗೆ ಹಿಡಿದು ನೇಯ್ಗೆಯು ಒತ್ತಾಗಿದೆಯೋ ಇಲ್ಲವೋ ನೋಡಬೇಕು. ಬಿಳಿಯ ವಸ್ತ್ರದ ಚೂರನ್ನು ಒದ್ದೆ ಮಾಡಿ ಅಂಚಿಗೆ ತಿಕ್ಕಿ, ಬಣ್ಣ ಬಿಡುವದೋ ಎಂಬದನ್ನು ತಿಳಿಯಬೇಕು. ಒಂದೆಳೆಯನ್ನು ಸುಟ್ಟು ನೋಡಿದರೆ ನೂಲಿನ ಜಾತಿಯು ತಿಳಿಯುವದು: ಹತ್ತಿಯು ಕಾಗದದಂತೆ ಉರಿದು ಬೂದಿಯಾಗುವದು, ರೇಷ್ಮೆಯು ಕೂದಲು ಸುಟ್ಟ ವಾಸನೆ ಬೀರಿ, ಬೆರಳಿಗೆ ಪುಡಿಯಾಗುವ ಕರಿ ಉಂಡೆಯಾಗುವದು, ಕೃತ್ರಿಮ ನೂಲು ಕರಗಿ ಗಟ್ಟಿಯಾದ ಗುಂಡಾಗಿ ನಿಲ್ಲುವದು. ಇಷ್ಟು ಬಲ್ಲವರಿಗೆ ಹತ್ತಿಯ ಬೆಲೆಗೆ ಕೃತ್ರಿಮವನ್ನು ಕಟ್ಟಲು ಯಾವ ವ್ಯಾಪಾರಿಗೂ ಸಾಧ್ಯವಾಗದು.

ಲಿಂಗಸುಗೂರಿನಿಂದ ಮುದಗಲ್ಲಿನ ಮೇಲೆ ಹಾದು ಪಶ್ಚಿಮಕ್ಕೆ ನಡೆದರೆ ಇಳಕಲ್ಲು. ಅಲ್ಲಿಯ ಸೀರೆಯು ಈ ಭಾಗದ ಹೆಣ್ಣುಮಕ್ಕಳಿಗೆ ತಲೆತಲಾಂತರದ ಉಡಿಗೆ. ಅದರ ಒಡಲು ಸಾಮಾನ್ಯವಾಗಿ ಹತ್ತಿಯದು. ಅಂಚು ಮತ್ತು ಸೆರಗು ರೇಷ್ಮೆಯವು, ಅಥವಾ ಅಗ್ಗದಲ್ಲಿ ಬೇಕಾದರೆ ಕೃತಕ ರೇಷ್ಮೆಯವು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಕುಣಿಕೆಯಾಗಿ ಒಂದಕ್ಕೊಂದು ಸೇರಿಸಿ ನೇಯುವದು ಅಲ್ಲಿಯ ನೇಕಾರರ ವಿಶೇಷ ಕೌಶಲ. ಕೆಂಪು ಸೆರಗಿನಲ್ಲಿ ಬಿಳಿಯ ಎಳೆಗಳಿಂದ ಮೂಡುವ ತೋಪುತೆನೆಯು ಜೋಳದ ತೆನೆಯ ನೆನಪನ್ನು ತರುವದು. ಈ ಸೀರೆಯ ವಿವೇಕವನ್ನು ನೋಡಿರಿ: ಬೆವರು ಹೀರಬೇಕಾದಲ್ಲಿ ಹತ್ತಿ, ಕಣ್ಣು ನಿಲ್ಲಬೇಕಾದಲ್ಲಿ ಮಾತ್ರ ರೇಷ್ಮೆ. ಬೆಲೆಯುಳ್ಳ ನೂಲನ್ನು ಎಲ್ಲಿ ಎಷ್ಟು ಹಾಕಬೇಕೆಂಬದನ್ನು ಬಲ್ಲ ನೇಕಾರನು ‘ಅಲಂ’ ಎಂಬದರ ಅರ್ಥವನ್ನು ಮಗ್ಗದ ಕುಣಿಯಲ್ಲಿ ಕುಳಿತೇ ತಿಳಿದವನು. ಇದರೊಡನೆ ಗುಳೇದಗುಡ್ಡದ ಖಣದ ಕುಪ್ಪಸವೊಂದಿದ್ದರೆ ಹೊಲದ ಮನೆಯ ಹೆಣ್ಣುಮಗಳು ಯಾವ ಸಭೆಯಲ್ಲಿಯೂ ತಲೆ ತಗ್ಗಿಸಬೇಕಾಗಿಲ್ಲ. ಕೈಮಗ್ಗದವನಿಗೂ ಅನ್ನ ಹುಟ್ಟುವದು.

ಮೂರನೆಯದು ಅಳತೆ. ಹೆಗಲಿನಿಂದ ಜಾರುವ ಅಂಗಿಯೂ, ತೋಳಿನಲ್ಲಿ ಬಿಗಿಯುವ ಕುಪ್ಪಸವೂ ಎಷ್ಟು ಬೆಲೆಯವಾದರೂ ಎರವಲು ತಂದಂತೆಯೇ ತೋರುವವು. ಹತ್ತಿಯ ಬಟ್ಟೆಯನ್ನು ಹೊಲಿಯಲು ಕೊಡುವ ಮೊದಲು ನೀರಿನಲ್ಲಿ ನೆನೆಯಿಸಿ ಒಣಗಿಸಬೇಕು. ಆಮೇಲೆ ಅದು ಕುಗ್ಗದು. ಸಿದ್ಧ ಉಡುಪು ಕೊಂಡವರು ದರ್ಜಿಯಿಂದ ಅಳತೆಗೆ ಸರಿಮಾಡಿಸಿಕೊಳ್ಳಬೇಕು. ಅಲ್ಪವೆಚ್ಚದಲ್ಲಿ ಆಗುವ ಈ ಕೆಲಸವು ಸಾಧಾರಣ ಅಂಗಿಯನ್ನು ಮೈಗೆಂದೇ ಹುಟ್ಟಿದ ಅಂಗಿಯನ್ನಾಗಿ ಮಾಡುವದು. ಧೋತರ, ಸೀರೆಗಳಿಗಂತೂ ಈ ತೊಡಕೇ ಇಲ್ಲ. ನೆರಿಗೆಯು ಸಮವಾಗಿ, ಅಂಚು ನೆಲಕ್ಕೆ ತಾಗದೆ ಉಟ್ಟರೆ ಅವು ಯಾವ ಮೈಗಾದರೂ ಒಪ್ಪುವವು.

ನಾಲ್ಕನೆಯದು ಒಗೆತ. ಮಾಚಿದೇವನ ಹೆಸರು ಹೇಳುವವರು ಈ ಭಾಗವನ್ನು ಲಕ್ಷ್ಯವಿಟ್ಟು ಕೇಳತಕ್ಕದ್ದು. ಸವುಳು ನೀರಿನಲ್ಲಿ ಸಾಬೂನು ನೊರೆಗಟ್ಟುವದಿಲ್ಲ. ಅದರ ಜಿಗಟು ಬಟ್ಟೆಯಲ್ಲಿ ಉಳಿದು ಬಿಳುಪು ಮಂಕಾಗುವದು. ಹತ್ತಿಯ ಬಟ್ಟೆಗಾದರೆ ನೀರಿನಲ್ಲಿ ಒಗೆಯುವ ಸೋಡಾ ಸ್ವಲ್ಪ ಕರಗಿಸಿ, ಬಳಿಕ ಸಾಬೂನು ಹಚ್ಚಬೇಕು. ರೇಷ್ಮೆಗೆ ಸೋಡಾ ಕೂಡದು. ಅದಕ್ಕೆ ಅಂಟುವಾಳಕಾಯಿಯ ನೊರೆಯೇ ಹಿತ. ಎರೆಮಣ್ಣಿನ ಕೆಸರು ಹತ್ತಿದರೆ ಹಸಿಯಿರುವಾಗ ತಿಕ್ಕಬಾರದು. ಒಣಗಲು ಬಿಟ್ಟು, ಉದುರಿಸಿ, ಆಮೇಲೆ ತಣ್ಣೀರಿನಲ್ಲಿ ನೆನೆಯಿಡಬೇಕು. ಎಣ್ಣೆಯ ಕಲೆಗೆ ಕಡಲೆಹಿಟ್ಟನ್ನು ಉದುರಿಸಿ ಹೀರಲು ಬಿಡಬೇಕು. ಮದುವೆಯ ಮನೆಯ ಅರಿಷಿಣದ ಕಲೆಯು ಸಾಬೂನು ತಾಗಿದೊಡನೆ ಕೆಂಪಾಗುವದು. ಅಂಜಬೇಕಾಗಿಲ್ಲ, ಒಗೆದು ಬಿಸಿಲಿಗೆ ಹಾಕಿದರೆ ಬಿಸಿಲೇ ಅದನ್ನು ಕಳೆಯುವದು. ಬಿಳಿಯ ಬಟ್ಟೆಯ ಮೇಲಿನ ಕಬ್ಬಿಣದ ತುಕ್ಕಿಗೆ ಲಿಂಬೆಯ ರಸವೂ ಉಪ್ಪೂ ಮದ್ದು. ಬಣ್ಣದ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಬೇಕು. ಸಿಂಧನೂರಿನ ಸೀಮೆಯಲ್ಲಿ ಅನ್ನದ ಗಂಜಿಗೆ ಬರವಿಲ್ಲ. ಅದನ್ನು ಸೋಸಿ, ನೀರಾಗಿಸಿ, ಧೋತರ ಸೀರೆಗಳನ್ನು ಅದ್ದಿ, ಜಾಡಿಸಿ ಒಣಗಿಸಿದರೆ ಹಳೆಯ ಬಟ್ಟೆಗೂ ಹೊಸತರ ನಿಲವು ಬರುವದು. ಇಸ್ತ್ರಿಯಿಲ್ಲದ ಮನೆಯಲ್ಲಿ ಅರೆಹಸಿಯಿರುವಾಗಲೇ ಎಳೆದು ಮಡಿಚಿ, ಪೂರಾ ಒಣಗಿದ ಮೇಲೆ ಹಾಸಿಗೆಯಡಿಯಲ್ಲಿಟ್ಟ ವಸ್ತ್ರವು ಬೆಳಗಿಗೆ ಸುಕ್ಕಿಲ್ಲದೆ ಏಳುವದು. ಮಠದ ಪಾಠಶಾಲೆಯ ವಟುಗಳು ಉಡಲೊಂದು, ಒಗೆಯಲೊಂದು ಎಂಬ ನಿಯಮದಿಂದಲೇ ನಿತ್ಯವೂ ಶುಭ್ರರಾಗಿ ಪೂಜೆಗೆ ಕೂಡ್ರುವರು.

ಐದನೆಯದು ದುರಸ್ತಿ. ಹರಿದದ್ದು ಬೆರಳಿನಗಲವಿರುವಾಗಲೇ ಹೊಲಿದರೆ ಒಂದು ದಾರದ ಕೆಲಸ. ಗೇಣಗಲವಾದ ಮೇಲೆ ಬಟ್ಟೆಯನ್ನೇ ಬಿಡಬೇಕಾಗುವದು. ಉದುರಿದ ಗುಂಡಿ, ಬಿಚ್ಚಿದ ಅಂಚು, ಸವೆದ ಕಾಲ್ಮರಿಯ ಬಾರು ಇವುಗಳೇ ನೋಡುವವರ ಕಣ್ಣಿಗೆ ಮೊದಲು ಬೀಳುವವು. ಬಟ್ಟೆಯ ಬೆಲೆಯು ಬೀಳುವದು ಆಮೇಲೆ. ತೇಪೆಯು ನಾಚಿಕೆಯ ವಸ್ತುವಲ್ಲ. ಹರಿದದ್ದನ್ನು ಹಾಗೆಯೇ ಬಿಡುವದೇ ನಾಚಿಕೆ. ಸೂಜಿಯು ಪಳಗಿದ ಕೈಗಳಿಗೆ ಕಸೂತಿಯೆಂಬ ಮತ್ತೊಂದು ಭಾಗ್ಯವುಂಟು. ಗೋಪುರ, ತೇರು, ತೊಟ್ಟಿಲುಗಳನ್ನು ಎಳೆ ಎಣಿಸಿ ತೆಗೆಯುವ ಆ ಕಲೆಗೆ ದಾರವೂ ತಾಳ್ಮೆಯೂ ಬಂಡವಾಳ. ಅದರಲ್ಲಿ ಗವಂತಿ, ಮುರಗಿ ಎಂಬ ಹೊಲಿಗೆಗಳು ಬಟ್ಟೆಯ ಎರಡು ಮೈಗಳಲ್ಲಿಯೂ ಒಂದೇ ತೆರನಾಗಿ ಕಾಣುವವು. ಗಂಟು ಎಲ್ಲಿಯೂ ತೋರದು. ಒಳಗೊಂದು ಹೊರಗೊಂದು ಇರಬಾರದೆಂಬ ಶರಣರ ಉಪದೇಶವನ್ನು ಈ ನಾಡಿನ ತಾಯಂದಿರು ಸೂಜಿಯ ಮೊನೆಯಿಂದ ಸೆರಗಿನಲ್ಲಿ ಬರೆದಿಟ್ಟಿರುವರು. ಉಡಲು ಬಾರದಷ್ಟು ಹಳತಾದ ಸೀರೆಯು ಕವುದಿಯಾಗಿ ಮತ್ತೊಂದು ಜನ್ಮವೆತ್ತುವದು.

ಆರನೆಯದು ಮೈಯ ನೈರ್ಮಲ್ಯವೂ ಲಾಂಛನಗಳೂ. ಬಾಚಿದ ತಲೆ, ಕತ್ತರಿಸಿದ ಉಗುರು, ಬೇವಿನ ಕಡ್ಡಿಯಿಂದ ಉಜ್ಜಿದ ಹಲ್ಲು, ತೊಳೆದ ಕಾಲು ಇವುಗಳಿಗೆ ತಗಲುವ ವೆಚ್ಚವು ನೀರು ಮತ್ತು ವೇಳೆ. ಹಣೆಯ ವಿಭೂತಿಯೂ ಕೊರಳ ರುದ್ರಾಕ್ಷಿಯೂ ಬಡವನಿಗೂ ಬಲ್ಲಿದನಿಗೂ ಒಂದೇ ಬಗೆಯವು. ಉಳ್ಳವನು ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿ ಧರಿಸುವನು. ಇಲ್ಲದವನು ಶುಭ್ರವಾದ ಲಿಂಗವಸ್ತ್ರದಲ್ಲಿ ಕಟ್ಟಿಕೊಳ್ಳುವನು. ಕರಡಿಗೆಯು ಬೆಳ್ಳಿಯದೆಂದು ಒಳಗಿನ ಲಿಂಗವು ಹಿರಿದಾಗದು. ವಸ್ತ್ರವು ನೂಲಿನದೆಂದು ಕಿರಿದಾಗದು. ಲಿಂಗದ ವಿಷಯದಲ್ಲಿ ಎಲ್ಲರೂ ಒಪ್ಪುವ ಈ ಮಾತನ್ನು ಲಿಂಗವನ್ನು ಧರಿಸಿದ ಮನುಷ್ಯನ ವಿಷಯದಲ್ಲಿ ಮರೆಯುವದೇಕೆ?

ಈ ಸರಳತೆಯು ತೇಜಸ್ಸನ್ನು ಕುಂದಿಸುವದೆಂಬ ಶಂಕೆಯಿದ್ದವರು ಹರ್ಡೇಕರ ಮಂಜಪ್ಪನವರನ್ನು ನೆನೆಯಲಿ. ೧೮೮೬ರಲ್ಲಿ ಜನಿಸಿ ೧೯೪೭ರಲ್ಲಿ ಲಿಂಗೈಕ್ಯರಾದ ಆ ಮಹನೀಯರು ೧೯೧೩ರಲ್ಲಿ ದಾವಣಗೆರೆಯಲ್ಲಿ ಬಸವಜಯಂತಿಯ ಸಾರ್ವಜನಿಕ ಉತ್ಸವಕ್ಕೆ ಆರಂಭ ಮಾಡಿದವರು. ಕೃಷ್ಣೆಯ ದಂಡೆಯ ಆಲಮಟ್ಟಿಯಲ್ಲಿ ಆಶ್ರಮ ನಡೆಸಿದವರು. ಖಾದಿಯನ್ನು ಧರಿಸಿದ ಅವರನ್ನು ನಾಡು ‘ಕರ್ನಾಟಕದ ಗಾಂಧಿ’ಯೆಂದು ಕರೆಯಿತು. ಅವರ ಮಾತಿಗೆ ಇದ್ದ ತೂಕವು ಅಂಗಿಯ ಬೆಲೆಯಿಂದ ಬಂದದ್ದಲ್ಲ.

ಆದರೂ ಅಲ್ಪವೆಚ್ಚಕ್ಕೂ ಹಣ ಬೇಕಷ್ಟೆ, ಅದು ಎಲ್ಲಿಂದ? ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ೧೯೭೫ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹಿಡಿದು ಊರೂರು ತಿರುಗಿದರು. ಆ ಜೋಳಿಗೆಗೆ ಅವರು ಬೇಡಿದ ಭಿಕ್ಷೆಯು ದವಸವಲ್ಲ, ದುಡ್ಡಲ್ಲ, ಭಕ್ತರ ದುಶ್ಚಟಗಳು. ೨೦೧೮ರಲ್ಲಿ ಅವರು ಲಿಂಗೈಕ್ಯರಾದರೂ ಆ ಜೋಳಿಗೆಯ ಬೋಧೆಯು ಉಳಿದಿರುವದು. ದಿನಕ್ಕೆ ೨೦ ರೂಪಾಯಿಯ ತಂಬಾಕನ್ನು ಅಗಿದು ಉಗುಳುವವನು ವರುಷಕ್ಕೆ ೭,೩೦೦ ರೂಪಾಯಿಯನ್ನು ಉಗುಳುವನು. ಆ ಹಣದಲ್ಲಿ ಮನೆಮಂದಿಯ ಉಡಿಗೆಯೂ ಬಂದೀತು, ಮಕ್ಕಳ ಪುಸ್ತಕಗಳೂ ಬಂದಾವು. ಹಲ್ಲು ಕೆಂಪಾಗಿ ಬಾಯಿ ನಾರುವವನು ಜರಿಯ ರುಮಾಲು ಸುತ್ತಿದರೂ ಅಂದಗಾರನಾಗಲಾರನು. ಚಟವನ್ನು ಬಿಟ್ಟವನಿಗೆ ಹಣವೂ ಉಳಿಯುವದು, ಮುಖದ ಕಳೆಯೂ ಮರಳುವದು.

ಇಷ್ಟೆಲ್ಲವನ್ನು ಬಡವನಿಗೇ ಬೋಧಿಸಿ ಕೈತೊಳೆದುಕೊಂಡರೆ ಅನ್ಯಾಯವಾಗುವದು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯಲ್ಲಿ ‘ಪರರು’ ಎಂಬವರ ಹೊಣೆಯೂ ಅಡಗಿರುವದು. ತುಂಗಭದ್ರೆಯ ಅಣೆಕಟ್ಟು ೧೯೫೩ರಲ್ಲಿ ಮುಗಿದು ಎಡದಂಡೆಯ ಕಾಲುವೆ ಹರಿದ ಬಳಿಕ ಸಿಂಧನೂರು ಭತ್ತದ ನಾಡಾಯಿತು. ಮಸ್ಕಿ, ಲಿ‍ಂಗಸುಗೂರುಗಳ ಎಷ್ಟೋ ಹಳ್ಳಿಗಳ ಹೊಲಗಳು ಇಂದಿಗೂ ಮುಗಿಲು ನೋಡುವಂಥವು; ಮಳೆ ತಪ್ಪಿದ ವರುಷ ಅಲ್ಲಿಯ ಜನರು ದುಡಿಮೆಗಾಗಿ ಬೆಂಗಳೂರಿನವರೆಗೂ ಗುಳೆ ಹೋಗುವರು. ಕಾಲುವೆಯ ನೀರುಂಡ ಮನೆಯ ಮದುವೆಯಲ್ಲಿ ಹೊಳೆದ ರೇಷ್ಮೆಯೇ ಮಳೆಯ ದಾರಿ ಕಾಯುವ ಮನೆಯ ಮದುವೆಗೂ ಮಾದರಿಯಾಗುವದು. ನೀರು ಒಂದೇ ಅಲ್ಲದಿರುವಾಗ ರೇಷ್ಮೆ ಒಂದೇ ಆಗಬೇಕೆಂದರೆ ನಡುವಿನ ಅಂತರವನ್ನು ಸಾಲವೇ ತುಂಬಬೇಕು. ಆದಕಾರಣ ಅಲ್ಪವೆಚ್ಚದ ಉಡಿಗೆಯನ್ನು ಮೊದಲು ಉಡಬೇಕಾದವರು ಉಳ್ಳವರು. ಇಲ್ಲದವನು ಸಾದಾ ಉಟ್ಟರೆ ಜನರು ಅದನ್ನು ಕೊರತೆಯೆನ್ನುವರು. ಉಳ್ಳವನು ಉಟ್ಟರೆ ಅದೇ ಪದ್ಧತಿಯಾಗುವದು. ಪದ್ಧತಿಯಾದ ಮೇಲೆ ಇಲ್ಲದವನಿಗೆ ನಾಚಿಕೆಯಿರದು.

ಮಠಗಳಲ್ಲಿ ನಡೆಯುವ ಸಾಮೂಹಿಕ ವಿವಾಹಗಳ ಗುಟ್ಟು ಇದೇ. ಅಲ್ಲಿ ಎಲ್ಲ ವಧೂವರರೂ ಒಂದೇ ಬಗೆಯ ಸೀರೆ, ಒಂದೇ ಬಗೆಯ ಧೋತರಗಳಲ್ಲಿ ಸಾಲಾಗಿ ನಿಂತಾಗ ಯಾರ ಮನೆಯಲ್ಲಿ ಎಷ್ಟು ಎಕರೆಯುಂಟೆಂಬದು ನೋಡುವವರಿಗೆ ತಿಳಿಯದು. ಇದರಂತೆಯೇ ಸಭೆಯಲ್ಲಿ ಆಸನವನ್ನು ಅಂಗಿ ನೋಡಿ ಕೊಡಬಾರದು, ಪ್ರಸಾದದ ಪಂಕ್ತಿಯಲ್ಲಿ ಸೀರೆ ನೋಡಿ ಸರಿದು ಕೂಡ್ರಬಾರದು, “ಹೋದ ವರುಷವೂ ಇದನ್ನೇ ಉಟ್ಟಿದ್ದೆಯಲ್ಲವೇನವ್ವ?” ಎಂಬ ಮಾತನ್ನು ಹಾಸ್ಯಕ್ಕಾದರೂ ಆಡಬಾರದು. ಆ ಒಂದು ಮಾತಿಗೆ ಅಂಜಿಯೇ ಎಷ್ಟೋ ತಾಯಂದಿರು ಮನೆ ಕಾಯುತ್ತ ಉಳಿಯುವರು. ವಸ್ತ್ರದಾನ ಮಾಡುವವರು ಒಗೆದು, ಹೊಲಿದು, ಮಡಿಚಿ, ಮನೆಗೆ ಹೋಗಿ ಕೊಡಬೇಕು. ವೇದಿಕೆಯ ಮೇಲೆ ಕರೆದು, ಹೆಸರು ಕೂಗಿ ಕೊಟ್ಟ ಸೀರೆಯು ಉಟ್ಟವರ ಮೈಯನ್ನು ಮುಚ್ಚುವದಕ್ಕಿಂತ ಅವರ ಬಡತನವನ್ನು ತೆರೆಯುವದೇ ಹೆಚ್ಚು.

ಸದ್ಭಕ್ತರೇ, ಲಕ್ಕಮ್ಮನು ಮರಳಿ ಕಳುಹಿದ ಅಕ್ಕಿಯು ಮಹಾಮನೆಯ ಅಂಗಳದಲ್ಲಿ ಮತ್ತೊಬ್ಬರ ಪಾಲಿಗೆ ಉಳಿಯಿತು. ಸಾಕೆಂದು ನಿಲ್ಲುವದರಿಂದ ನಿಂತವರಿಗೆ ಶೋಭೆ, ನೆರೆಯವರಿಗೆ ಅವಕಾಶ. ಒಗೆದದ್ದನ್ನು ಉಟ್ಟು, ಹರಿದದ್ದನ್ನು ಹೊಲಿದು, ಹಣೆಗೆ ವಿಭೂತಿಯಿಟ್ಟು ಬರುವ ಪ್ರತಿಯೊಬ್ಬರೂ ಈ ಮಠದ ಅಂಗಳಕ್ಕೆ ತಕ್ಕಂತೆ ಉಟ್ಟವರೇ. ಬರುವ ವರುಷದ ಮಹೋತ್ಸವಕ್ಕೆ ಈ ಮೂರು ಸೀಮೆಗಳ ಯಾವ ಮನೆಯಿಂದಲೂ ಉಡಿಗೆಗಾಗಿ ಸಾಲಪತ್ರವೊಂದು ಹುಟ್ಟದಿರಲಿ. ಸೀರೆಯಿಲ್ಲವೆಂದು ಯಾವ ತಾಯಿಯೂ ಬಾಗಿಲಲ್ಲಿ ಉಳಿಯದಿರಲಿ. ಆಗ ಮಹೋತ್ಸವವು ನಿಜವಾಗಿಯೂ ಅಲಂಕೃತವಾಗುವದು.